ಪೈಲಟ್‌ಗಳು ಮರೆಯದ ನೆಲ: ಸಾಂಬ್ರಾ, ಬಜ್ಪೆ ಮತ್ತು ಇನ್ನೊಂದಿಷ್ಟು

ಲಾರಿ ಓಡಿಸುವವರಿಗೆ ಒಂದೊಂದು ಇಷ್ಟದ ಘಾಟಿ ಇರುತ್ತೆ. ನಮ್ಮ ಹುಕ್ಕೇರಿ, ಸಂಕೇಶ್ವರ ಕಡೆಯ ಡ್ರೈವರುಗಳನ್ನು ಮಾತಿಗೆ ಎಳೆದು ನೋಡಿ. ಹೈವೇ ಬಗ್ಗೆ ಒಬ್ಬರೂ ಬಾಯಿ ಬಿಡಲ್ಲ. ಆರು ಪಥದ ನೇರ ರಸ್ತೆಯಲ್ಲಿ ಹೇಳೋಕೆ ಏನಿದೆ? ಆದರೆ ಅಂಬೋಲಿ ಘಾಟು, ಚೋರ್ಲಾ ಘಾಟು ಅಂದ ತಕ್ಷಣ ಕಣ್ಣು ಅರಳುತ್ತೆ. ಯಾವ ತಿರುವಿನಲ್ಲಿ ಎಷ್ಟನೇ ಗೇರು, ಮಳೆಗಾಲದಲ್ಲಿ ಮಂಜು ಎಲ್ಲಿ ಕವಿಯುತ್ತೆ, ಎದುರಿಂದ ಬಸ್ಸು ಬಂದರೆ ಎಲ್ಲಿ ನಿಂತು ದಾರಿ ಬಿಡಬೇಕು, ಎಲ್ಲಾ ಬಾಯಿಪಾಠ. ಬೈಯುತ್ತಲೇ ಹೊಗಳುತ್ತಾರೆ. ಕಷ್ಟ ಕೊಟ್ಟ ರಸ್ತೆ ಮಾತ್ರ ನೆನಪಿನಲ್ಲಿ ಉಳಿಯುತ್ತೆ ಅನ್ನಿಸುತ್ತೆ.

ಪೈಲಟ್‌ಗಳದ್ದೂ ಇದೇ ಕಥೆಯಂತೆ. ಅವರ ಇಷ್ಟದ ವಿಮಾನ ನಿಲ್ದಾಣಗಳ ಪಟ್ಟಿಯಲ್ಲಿ ನಾವು ಪ್ರಯಾಣಿಕರು ಮೆಚ್ಚುವ ಹೊಳೆಯುವ ನೆಲ, ದೊಡ್ಡ ಅಂಗಡಿ, ಕಾಫಿ ಅಂಗಡಿಗಳಿರುವ ನಿಲ್ದಾಣಗಳು ಬರೋದೇ ಇಲ್ಲ. ಅಲ್ಲಿ ಮೊದಲು ಬರೋದು ಹಾಂಗ್‌ಕಾಂಗಿನ ಹಳೆಯ ಕೈ ಟಕ್. 1998ರ ಜುಲೈ 6ರಂದು ಮುಚ್ಚಿಹೋಗಿ ಇಷ್ಟು ವರ್ಷವಾದರೂ ಅದನ್ನು ನೆನೆಸಿಕೊಳ್ಳುವವರು ಇದ್ದಾರೆ. ಗುಡ್ಡದ ಮೇಲೆ ಬಳಿದಿದ್ದ ಕೆಂಪು-ಬಿಳಿ ಚೌಕಗಳತ್ತ ನೇರವಾಗಿ ಹಾರಿ ಬಂದು, ಅದು ಹತ್ತಿರವಾದಾಗ ಬಲಕ್ಕೆ ತಿರುಗಿಸಿ, ವಸತಿ ಕಟ್ಟಡಗಳ ಮಾಳಿಗೆಗಳ ಮೇಲೆಯೇ ಸಾಗಿ, ಸಮುದ್ರಕ್ಕೆ ಚಾಚಿದ ರನ್‌ವೇ ಮೇಲೆ ಇಳಿಸಬೇಕಿತ್ತು. ಆ ತಿರುವನ್ನು ಜಂಬೋ ಜೆಟ್ಟಿನಲ್ಲೂ ಕೈಯಿಂದಲೇ ತೆಗೆದುಕೊಳ್ಳಬೇಕಿತ್ತು. ಆಮೇಲೆ ಭೂತಾನದ ಪಾರೋ. ಕಣಿವೆಯೊಳಗೆ ಬೆಟ್ಟಗಳ ನಡುವೆ ಓರೆಯಾಗಿ ತೂರಿ ಬರಬೇಕು. ವಿಶೇಷ ತರಬೇತಿ ಇಲ್ಲದವರಿಗೆ ಅಲ್ಲಿ ಪ್ರವೇಶವಿಲ್ಲ. ನೇಪಾಳದ ಲುಕ್ಲಾದಲ್ಲಿ ರನ್‌ವೇ ಉದ್ದ ಬರೀ 527 ಮೀಟರ್, ಅದೂ ಏರಿನಲ್ಲಿ. ಒಂದು ತುದಿಯಲ್ಲಿ ಪ್ರಪಾತ, ಇನ್ನೊಂದು ತುದಿಯಲ್ಲಿ ಬೆಟ್ಟ. ಇಳಿಯೋದು ಹತ್ತುತ್ತಾ, ಹಾರೋದು ಇಳಿಯುತ್ತಾ!

ಇದೆಲ್ಲ ದೂರದ ಮಾತಾಯ್ತು. ನಮ್ಮ ನಾಡಿನಲ್ಲಿ ಪೈಲಟ್‌ಗಳು ಮರೆಯದ ನೆಲ ಯಾವುವು? ನಾನೇನು ಪೈಲಟ್ ಅಲ್ಲ, ಬೆಂಗಳೂರಿನಲ್ಲಿ ಕೋಡು ಬರೆದು ಹೊಟ್ಟೆ ಹೊರೆಯುವವನು. ಆದರೆ ವಿಮಾನದ ಹುಚ್ಚು ಚಿಕ್ಕಂದಿನಿಂದ ಇದೆ. ಹೀಗೇ ವಾರಾಂತ್ಯಗಳಲ್ಲಿ ಓದುತ್ತಾ ಹೋದಾಗ ಕನ್ನಡ ನಾಡಿನ ಒಂದೊಂದು ಏರ್‌ಸ್ಟ್ರಿಪ್ಪಿಗೂ ಎಂಥೆಂಥ ಚರಿತ್ರೆ ಅಂಟಿಕೊಂಡಿದೆ ಅಂತ ಗೊತ್ತಾಯ್ತು. ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಕೂತೆ. ಸ್ವಲ್ಪ ಉದ್ದವಾಗಿದೆ, ಚಹಾ ಇಟ್ಟುಕೊಂಡು ಓದಿ.

ಶುರು ಮಾಡೋದು ಬಳ್ಳಾರಿಯಿಂದ.

1932ರ ಅಕ್ಟೋಬರ್ 15. ಭಾರತದ ನಾಗರಿಕ ವಿಮಾನಯಾನದ ಮೊದಲ ದಿನ ಅಂತ ಶಾಲೆಯ ಪುಸ್ತಕಗಳಲ್ಲಿ ಬರೋದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಯ ಜುಹುವಿಗೆ ಹಾರಿದ ಕಥೆ. ಪುಟಾಣಿ ಪುಸ್ ಮಾತ್ ವಿಮಾನ, ಒಳಗೆ ಟಪಾಲಿನ ಚೀಲ. ಆದರೆ ಆ ಟಪಾಲು ಮುಂಬಯಿಯಲ್ಲೇ ನಿಲ್ಲಲಿಲ್ಲ. ಅದನ್ನು ಮುಂದೆ ಮದ್ರಾಸಿಗೆ ಒಯ್ದವರು ಟಾಟಾ ಅವರ ಜೊತೆಗಾರ ನೆವಿಲ್ ವಿನ್ಸೆಂಟ್, ಬ್ರಿಟಿಷ್ ವಾಯುಪಡೆಯ ಮಾಜಿ ಪೈಲಟ್. ನಡುವಿನ ನಿಲುಗಡೆ ಯಾವುದು ಗೊತ್ತಾ? ನಮ್ಮ ಬಳ್ಳಾರಿ! ಆ ರಾತ್ರಿ ಅಲ್ಲೇ ತಂಗಿ, ಮರುದಿನ ಮದ್ರಾಸು ಸೇರಿದರು. ಅಂದರೆ ಟಾಟಾ ಅವರ ಮೊಟ್ಟಮೊದಲ ನಿಯಮಿತ ವಿಮಾನ ಮಾರ್ಗದ ನಕ್ಷೆಯಲ್ಲಿ ಕರಾಚಿ, ಅಹಮದಾಬಾದ್, ಮುಂಬಯಿ, ಮದ್ರಾಸುಗಳ ಸಾಲಿನಲ್ಲಿ ಬಳ್ಳಾರಿಯ ಹೆಸರಿದೆ. ರೇಡಿಯೋ ಇಲ್ಲ, ರಾತ್ರಿ ಇಳಿಯಲು ದೀಪ ಇಲ್ಲ, ದಾರಿ ತೋರಿಸೋಕೆ ಕೆಳಗಿನ ರೈಲು ಹಳಿ, ನದಿ, ಗುಡ್ಡಗಳೇ ಗತಿ. ಅಂಥ ಕಾಲದಲ್ಲಿ ಸಂಜೆಯೊಳಗೆ ಬಳ್ಳಾರಿಯ ಬಂಡೆಗುಡ್ಡ ಕಂಡಾಗ ಪೈಲಟ್‌ಗೆ ಎಷ್ಟು ಸಮಾಧಾನವಾಗಿರಬೇಡ!

ಎರಡನೆಯದು ಬೆಂಗಳೂರಿನ ಎಚ್‌ಎಎಲ್. ಈಗಿನ ಹುಡುಗರಿಗೆ ವಿಮಾನ ನಿಲ್ದಾಣ ಅಂದರೆ ದೇವನಹಳ್ಳಿ. 2008ರ ಮೇ 24ಕ್ಕೆ ಮುಂಚೆ ಎಲ್ಲರೂ ಹತ್ತುತ್ತಿದ್ದದ್ದು ಊರೊಳಗಿನ ಎಚ್‌ಎಎಲ್‌ನಲ್ಲಿ. ಅದರ ಮೂಲ 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ. ಎರಡನೇ ಮಹಾಯುದ್ಧದ ಕಾಲಕ್ಕೆ ಅದು ಅಮೆರಿಕದ ವಾಯುಪಡೆಯ ವಿಮಾನಗಳ ರಿಪೇರಿ ಅಂಗಳವಾಯ್ತು. ಕ್ಯಾಟಲೀನಾ ಅಂತ ನೀರಿನ ಮೇಲೆ ಇಳಿಯುವ ವಿಮಾನಗಳೂ ರಿಪೇರಿಗೆ ಬರುತ್ತಿದ್ದವು. ಅವು ಇಳಿಯುತ್ತಿದ್ದದ್ದು ಎಲ್ಲಿ ಅಂತೀರಿ? ಬೆಳ್ಳಂದೂರು ಕೆರೆಯಲ್ಲಿ! ಹೌದು, ನೊರೆ ಉಕ್ಕಿ, ಬೆಂಕಿ ಹತ್ತಿ ಟೀವಿಯಲ್ಲಿ ಬಂದ ಅದೇ ಬೆಳ್ಳಂದೂರು ಕೆರೆ. ಔಟರ್ ರಿಂಗ್ ರೋಡಿನ ಜಾಮಿನಲ್ಲಿ ಮೂಗು ಮುಚ್ಚಿಕೊಂಡು ಕೂತಾಗ ಇದನ್ನೊಮ್ಮೆ ನೆನೆಸಿಕೊಳ್ಳಿ.

ಸಿ.ವಿ. ರಾಮನ್ ನಗರದ ಕಡೆ ಕೆಲಸ ಮಾಡುವ ನಮ್ಮ ಸಾಫ್ಟ್‌ವೇರ್ ಮಂದಿಗೆಲ್ಲ ಸುರಂಜನ್ ದಾಸ್ ರಸ್ತೆ ಗೊತ್ತು. ಆ ಹೆಸರಿನವರು ಯಾರು ಅಂತ ಎಷ್ಟು ಜನಕ್ಕೆ ಗೊತ್ತು? ಅವರು ಪರೀಕ್ಷಾ ಪೈಲಟ್. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ವಿನ್ಯಾಸಗೊಂಡ ಎಚ್‌ಎಫ್-24 ಮಾರುತ್ ಯುದ್ಧ ವಿಮಾನವನ್ನು 1961ರ ಜೂನಿನಲ್ಲಿ ಮೊದಲ ಸಲ ಹಾರಿಸಿದವರು. ಅದೇ ಮಾರುತ್‌ನ ಸುಧಾರಿತ ಮಾದರಿಯನ್ನು ಪರೀಕ್ಷಿಸುತ್ತಿದ್ದಾಗ 1970ರ ಜನವರಿ 10ರಂದು ಬೆಂಗಳೂರಿನಲ್ಲೇ ಅಪಘಾತದಲ್ಲಿ ತೀರಿಕೊಂಡರು. ನಾವು ಬಗ್ಗು ಬಿದ್ದರೆ ಲಾಗ್ ನೋಡಿ, ಸರಿಪಡಿಸಿ, ಮತ್ತೆ ರನ್ ಮಾಡುತ್ತೀವಿ. ಅವರ ಕೆಲಸದಲ್ಲಿ ಬಗ್ಗು ಸಿಗೋದೇ ಮೊದಲ ರನ್ನಿನಲ್ಲಿ, ಅದೂ ಆಕಾಶದಲ್ಲಿ. 2001ರ ಜನವರಿ 4ರಂದು ತೇಜಸ್ ಮೊದಲ ಸಲ ಹಾರಿದ್ದೂ ಇದೇ ರನ್‌ವೇಯಿಂದ, ಹಾರಿಸಿದವರು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್.

ಇದೇ ನಿಲ್ದಾಣಕ್ಕೆ ಅಂಟಿದ ಕಹಿ ನೆನಪೂ ಒಂದಿದೆ. 1990ರ ಫೆಬ್ರುವರಿ 14. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ರನ್‌ವೇ ಮುಟ್ಟುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ಆಗ ಆ ವಿಮಾನ ಹೊಸದು, ಕಂಪ್ಯೂಟರೇ ನಡೆಸುವ ಮಾದರಿ. ತನಿಖೆಯಲ್ಲಿ ಕಂಡದ್ದು: ಇಳಿಯುವ ಹೊತ್ತಿನಲ್ಲಿ ಅದು ಎಂಜಿನ್ನುಗಳನ್ನು ಐಡಲ್‌ನಲ್ಲಿಟ್ಟು ಇಳಿಯುವ ಮೋಡ್‌ಗೆ ಹೋಗಿತ್ತು. ವೇಗ ಕುಸಿಯುತ್ತಿರುವುದು ಕಾಕ್‌ಪಿಟ್‌ನಲ್ಲಿದ್ದವರ ಗಮನಕ್ಕೆ ಬರುವಷ್ಟರಲ್ಲಿ ಎಂಜಿನ್ನಿಗೆ ಮತ್ತೆ ಬಲ ಬರಲು ಬೇಕಾದ ಸೆಕೆಂಡುಗಳು ಉಳಿದಿರಲಿಲ್ಲ. ಯಂತ್ರ ತನಗೆ ಹೇಳಿದ್ದನ್ನೇ ಮಾಡುತ್ತಿತ್ತು, ಮನುಷ್ಯರು ಅದು ಬೇರೇನೋ ಮಾಡುತ್ತಿದೆ ಅಂದುಕೊಂಡಿದ್ದರು. ನನ್ನ ವೃತ್ತಿಯವರೆಲ್ಲ ಒಮ್ಮೆ ಓದಲೇಬೇಕಾದ ಕಥೆ ಇದು. ಸ್ಕ್ರೀನಿನ ಮೂಲೆಯಲ್ಲಿ ಒಂದು ಮೋಡ್‌ನ ಹೆಸರು ತೋರಿಸಿಬಿಟ್ಟರೆ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತೀವಲ್ಲ, ಅಷ್ಟಕ್ಕೇ ಮುಗಿಯಲ್ಲ.

ಈಗ ನಮ್ಮೂರ ಕಡೆಗೆ ಬರೋಣ. ಹುಕ್ಕೇರಿ ಅಂದರೆ ಹಳೆಯ ಗುಮ್ಮಟಗಳು, ಹಿಡಕಲ್ ಡ್ಯಾಮು, ಮತ್ತೆ ನಮ್ಮ ಸಹಕಾರಿ ವಿದ್ಯುತ್ ಸಂಘ. ವಿಮಾನಕ್ಕೂ ಹುಕ್ಕೇರಿಗೂ ಏನು ಸಂಬಂಧ ಅಂತ ಕೇಳಬೇಡಿ. ನಮಗೆ ಹತ್ತಿರದ ವಿಮಾನ ನಿಲ್ದಾಣ ಬೆಳಗಾವಿಯ ಸಾಂಬ್ರಾ. ಬೆಳಗಾವಿಯಿಂದ ಪೂರ್ವಕ್ಕೆ ಹತ್ತು ಕಿಲೋಮೀಟರ್, ಗೋಕಾಕದಿಂದ ಬರುವವರಿಗೂ ಅದೇ ದಾರಿ. ಉತ್ತರ ಕರ್ನಾಟಕದ ಅತಿ ಹಳೆಯ ವಿಮಾನ ನಿಲ್ದಾಣ ಅದು. 1942ರಲ್ಲಿ, ಜಪಾನಿಯರು ಬರ್ಮಾ ಹಿಡಿದು ಭಾರತದ ಬಾಗಿಲಿಗೆ ಬಂದಿದ್ದ ಹೊತ್ತಿನಲ್ಲಿ, ಬ್ರಿಟಿಷ್ ವಾಯುಪಡೆ ಇದನ್ನು ಕಟ್ಟಿತು. ತರಬೇತಿಗೆ ಮತ್ತು ಆಗ್ನೇಯ ಏಷ್ಯಾದ ಯುದ್ಧಕ್ಕೆ ಬೆಂಬಲವಾಗಿ ಬಳಸಿತು. ಅಂದರೆ ಯಾರೂ ನಮ್ಮ ಅನುಕೂಲಕ್ಕೆ ಅಂತ ಕಟ್ಟಿದ್ದಲ್ಲ. ಯುದ್ಧಕ್ಕೆ ಬೇಕಿತ್ತು, ಕಟ್ಟಿದರು.

ಸಾಂಬ್ರಾದ ಅತಿ ದೊಡ್ಡ ದಿನ ಬಂದದ್ದು ಹತ್ತೊಂಬತ್ತು ವರ್ಷದ ನಂತರ. 1961ರ ಡಿಸೆಂಬರ್. ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಬೆಳಗಾವಿಯ ಸುತ್ತ ಸೈನ್ಯ ಬಂದು ಸೇರಿತು. ವಾಯುಪಡೆಯ ವಿಮಾನಗಳು ಪುಣೆ ಮತ್ತು ಸಾಂಬ್ರಾದಲ್ಲಿ ನೆರೆದವು. ಇವುಗಳ ಹೊಣೆ ಹೊತ್ತವರು ಏರ್ ವೈಸ್ ಮಾರ್ಷಲ್ ಎರ್ಲಿಕ್ ಪಿಂಟೋ. ಸಾಂಬ್ರಾದಿಂದ ಗೋವಾಕ್ಕೆ ಆಕಾಶದಲ್ಲಿ ಹೆಚ್ಚುಕಮ್ಮಿ ನೂರು ಕಿಲೋಮೀಟರ್. ಘಾಟಿನಲ್ಲಿ ಬಸ್ಸಿಗೆ ಅರ್ಧ ದಿನ ಹಿಡಿಯುತ್ತಿದ್ದ ದಾರಿ ಹಂಟರ್ ಜೆಟ್ಟಿಗೆ ಕೆಲವೇ ನಿಮಿಷ. ಡಿಸೆಂಬರ್ 18ರ ಬೆಳಿಗ್ಗೆ ಪುಣೆಯಿಂದ ಹೊರಟ 12 ಕ್ಯಾನ್‌ಬೆರಾ ಬಾಂಬರುಗಳು ದಾಬೋಲಿಮ್ ರನ್‌ವೇ ಮೇಲೆ ಬಾಂಬು ಸುರಿದವು. ಸ್ವಲ್ಪ ಹೊತ್ತಿಗೆ ಇನ್ನೂ ಎಂಟು ಬಂದವು. ಸಾಂಬ್ರಾದಿಂದ ಆರು ಹಂಟರ್‌ಗಳು ಹೋಗಿ ಬಾಂಬೋಲಿಮ್‌ನ ವೈರ್‌ಲೆಸ್ ಕೇಂದ್ರವನ್ನು ರಾಕೆಟ್ಟು, ಗುಂಡುಗಳಿಂದ ಹೊಡೆದವು. ಗೋವಾಕ್ಕೂ ಲಿಸ್ಬನ್ನಿಗೂ ಇದ್ದ ಮಾತಿನ ದಾರಿ ಕಡಿಯಿತು.

ಈ ಕಥೆಯಲ್ಲಿ ನನಗೆ ಅತಿ ಇಷ್ಟವಾದದ್ದು ಎದುರು ಪಾಳೆಯದ ಪೈಲಟ್‌ಗಳದ್ದು. ದಾಬೋಲಿಮ್‌ನಲ್ಲಿ ಆ ದಿನ ಎರಡು ನಾಗರಿಕ ವಿಮಾನಗಳು ನಿಂತಿದ್ದವು. ಒಂದು ಪೋರ್ಚುಗಲ್ಲಿನ ಟಾಪ್ ಸಂಸ್ಥೆಯ ದೊಡ್ಡ ಸೂಪರ್ ಕಾನ್‌ಸ್ಟೆಲೇಷನ್. ಇನ್ನೊಂದು ಗೋವಾದ್ದೇ ಆದ ಟೈಪ್ ಸಂಸ್ಥೆಯ ಡಿಸಿ-4. ಭಾರತ ಗೋವಾಕ್ಕೆ ರಸ್ತೆ, ರೈಲು ದಿಗ್ಬಂಧನ ಹಾಕಿದಾಗ ಪೋರ್ಚುಗೀಸರು ಶುರುಮಾಡಿದ ವಿಮಾನ ಸಂಸ್ಥೆ ಅದು. ನಮ್ಮ ಬಾಂಬರುಗಳು ಟರ್ಮಿನಲ್ಲನ್ನೂ ಈ ಎರಡು ವಿಮಾನಗಳನ್ನೂ ಮುಟ್ಟಲಿಲ್ಲ. ಅವತ್ತು ರಾತ್ರಿ ಅಧಿಕಾರಿಗಳ ಹೆಂಡತಿ ಮಕ್ಕಳನ್ನು ಹೇಗಾದರೂ ದಾಟಿಸಬೇಕಿತ್ತು. ರನ್‌ವೇ ತುಂಬಾ ಗುಂಡಿ. ಅವಸರದಲ್ಲಿ ಒಂದಿಷ್ಟು ಮುಚ್ಚಿದರು. ಭಾರ ಕಮ್ಮಿ ಮಾಡಲು ಹೆಚ್ಚುವರಿ ಸೀಟು, ಸಾಮಾನೆಲ್ಲ ಕಿತ್ತು ಹೊರಗೆ ಹಾಕಿದರು. ಬರೀ 700 ಮೀಟರ್ ಓಡಿ ಆ ದೊಡ್ಡ ವಿಮಾನ ಮೇಲೆದ್ದಿತು! ಎದ್ದ ಕಲ್ಲು, ಚೂರುಗಳಿಂದ ಮೈಗೆಲ್ಲ ತೂತು ಬಿದ್ದು, ಒಂದು ಟೈರು ಒಡೆದಿತ್ತು. ಹಿಂದೆಯೇ ಡಿಸಿ-4 ಹಾರಿತು. ಕತ್ತಲಲ್ಲಿ ತೀರಾ ಕೆಳಗೆ ಹಾರುತ್ತಾ ಎರಡೂ ಕರಾಚಿ ಸೇರಿದವು. ಮರುದಿನ ಗೋವಾ ಶರಣಾಯಿತು, 451 ವರ್ಷದ ಆಳ್ವಿಕೆ ಮುಗಿಯಿತು.

ಗೋವಾ ನಮ್ಮದಾಗಬೇಕಿತ್ತು, ಆಯಿತು. ಅದರಲ್ಲಿ ಎರಡು ಮಾತಿಲ್ಲ. ಹಾಗಂತ ಆ ಇಬ್ಬರು ಪೈಲಟ್‌ಗಳ ಕೆಲಸವನ್ನು ಮೆಚ್ಚದೆ ಇರೋಕೂ ಆಗಲ್ಲ. ಹಾಗೆಯೇ ಆ ವಿಮಾನಗಳನ್ನು ಹೊಡೆಯದೆ ಬಿಟ್ಟ ನಮ್ಮ ಪೈಲಟ್‌ಗಳ ವಿವೇಕವನ್ನೂ ನೆನೆಯಬೇಕು. ಅವರು ಅವನ್ನು ಬಿಟ್ಟಿದ್ದರಿಂದಲೇ ಆ ಮಕ್ಕಳು ಬದುಕಿ ದಾಟಿದರು. ಇವತ್ತು ಬೀಚಿಗೆ ಅಂತ ದಾಬೋಲಿಮ್‌ನಲ್ಲಿ ಇಳಿಯುವ ಎಷ್ಟು ಜನರಿಗೆ ತಮ್ಮ ಚಕ್ರದ ಕೆಳಗಿನ ಈ ಕಥೆ ಗೊತ್ತು?

ವಾಯುಪಡೆಯ ಮಾತು ಬಂದಾಗ ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರನ್ನು ಬಿಡೋಕಾಗಲ್ಲ. ಪೈಲಟ್‌ಗಳ ನೆನಪಿನ ಪಟ್ಟಿಯಲ್ಲಿ ಭಾರತದಿಂದ ಖಾಯಂ ಸ್ಥಾನ ಲೇಹ್‌ಗೆ. ಸುಮಾರು 3,250 ಮೀಟರ್ ಎತ್ತರದಲ್ಲಿ, ತೆಳುವಾದ ಗಾಳಿಯಲ್ಲಿ, ಬೆಟ್ಟಗಳ ನಡುವೆ ಇರುವ ನಿಲ್ದಾಣ. 1948ರ ಮೇ 24ರಂದು ಅಲ್ಲಿಗೆ ಮೊದಲ ವಿಮಾನ ಇಳಿಸಿದವರು ಏರ್ ಕಮಡೋರ್ ಮೆಹರ್ ಸಿಂಗ್. ಡಕೋಟಾ ವಿಮಾನ. ಒಳಗೆ ಆಮ್ಲಜನಕದ ವ್ಯವಸ್ಥೆ ಇಲ್ಲ, ರೆಕ್ಕೆಯ ಮೇಲೆ ಕಟ್ಟುವ ಹಿಮ ಕರಗಿಸುವ ವ್ಯವಸ್ಥೆ ಇಲ್ಲ, ದಾರಿಯ ನಕ್ಷೆಯೂ ಸರಿಯಾಗಿಲ್ಲ. ಸೋನಮ್ ನೋರ್ಬು ಎಂಬ ಲಡಾಖಿನ ಎಂಜಿನಿಯರ್ ಸ್ಥಳೀಯರನ್ನು ಕಟ್ಟಿಕೊಂಡು ಸಿಂಧೂ ನದಿಯ ಬಳಿ ಸಮತಟ್ಟು ಮಾಡಿಸಿದ್ದ ಮಣ್ಣಿನ ಪಟ್ಟಿಯೇ ರನ್‌ವೇ. ಆ ವಿಮಾನದಲ್ಲಿ ಕೂತಿದ್ದವರು ಮಡಿಕೇರಿಯ ತಿಮ್ಮಯ್ಯನವರು. ಪೈಲಟ್ಟಿನ ಧೈರ್ಯವನ್ನು ನಾವೆಲ್ಲ ಹೊಗಳುತ್ತೀವಿ. ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತವರ ಧೈರ್ಯವೂ ಕಮ್ಮಿಯದಲ್ಲ!

ಇನ್ನು ಬಜ್ಪೆ. ಇದನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣ ಇದೆ.

ಮಂಗಳೂರಿನ ಈ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು. ಜವಾಹರಲಾಲ್ ನೆಹರು ಡಿಸಿ-3 ವಿಮಾನದಲ್ಲಿ ಬಂದಿಳಿದರು. ಗುಡ್ಡದ ನೆತ್ತಿಯನ್ನು ಸವರಿ ಮಾಡಿದ ರನ್‌ವೇ. ಮೇಜಿನ ಹಾಗೆ ಚಪ್ಪಟೆ, ಮೇಜಿನ ಹಾಗೆಯೇ ಅಂಚು ಮುಗಿದರೆ ಕೆಳಗೆ. ಅದಕ್ಕೇ ಟೇಬಲ್‌ಟಾಪ್ ಅನ್ನೋದು. ಕಿಟಕಿ ಬದಿ ಕೂತು ಬಂದವರಿಗೆ ಗೊತ್ತು, ಒಂದು ಕಡೆ ಕಡಲು, ನದಿ, ತೆಂಗಿನ ತೋಟ, ಕೆಂಪು ಹೆಂಚು. ಇಡೀ ದೇಶದಲ್ಲಿ ಇದಕ್ಕಿಂತ ಚೆಂದದ ಇಳಿತ ಕಮ್ಮಿ. ಮಳೆಗಾಲದಲ್ಲಿ ಮಾತ್ರ ಬೇರೆಯೇ ಕಥೆ. ಮೋಡ ಬಂದು ಗುಡ್ಡದ ಮೇಲೇ ಕೂತುಬಿಡುತ್ತೆ. ಕೆಳಗಿನ ಊರಿಗೆ ಅದು ಮೋಡ, ರನ್‌ವೇಗೆ ಅದೇ ಮಂಜು. ಇದರ ಜೊತೆ ಕಣ್ಣಿನ ಭ್ರಮೆಯೂ ಇದೆ. ಟೇಬಲ್‌ಟಾಪಿನಲ್ಲಿ ರನ್‌ವೇ ಮುಂದಿನ ನೆಲ ತಗ್ಗಿನಲ್ಲಿರೋದರಿಂದ ತಾನು ಎಷ್ಟು ಎತ್ತರದಲ್ಲಿದ್ದೇನೆ ಅನ್ನೋ ಅಂದಾಜು ಕಣ್ಣಿಗೆ ತಪ್ಪಿಹೋಗುತ್ತೆ.

ಹಳೆಯ ರನ್‌ವೇ ಉದ್ದ 1,615 ಮೀಟರ್ ಅಷ್ಟೇ. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನ ಅದರ ಅಂಚು ದಾಟಿ ಸ್ವಲ್ಪದರಲ್ಲೇ ನಿಂತಿತು. ವೀರಪ್ಪ ಮೊಯ್ಲಿ ಅವರೂ ಆ ವಿಮಾನದಲ್ಲಿದ್ದರು. ಜೀವಹಾನಿ ಆಗಲಿಲ್ಲ. ಮುಂದೆ ಜೆಟ್‌ಗಳಿಗೆ ಅಂತ ಬೇರೆ ದಿಕ್ಕಿನಲ್ಲಿ 2,450 ಮೀಟರಿನ ಹೊಸ ರನ್‌ವೇ ಕಟ್ಟಿ 2006ರಲ್ಲಿ ತೆರೆದರು. ಅದೂ ಗುಡ್ಡದ ಮೇಲೆಯೇ.

2010ರ ಮೇ 22, ಶನಿವಾರ ಬೆಳಿಗ್ಗೆ. ನಾನಾಗ ಇನ್ನೂ ಶಾಲಾ ಹುಡುಗ. ಹುಕ್ಕೇರಿಯ ನಮ್ಮ ಮನೆಯಲ್ಲಿ ದಿನವಿಡೀ ಟೀವಿ ಆರಿಸಿರಲಿಲ್ಲ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ರನ್‌ವೇ ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. 166 ಜನರಲ್ಲಿ 158 ಮಂದಿ ಸತ್ತರು, ಎಂಟು ಜನ ಬದುಕಿದರು. ಸತ್ತವರಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕಡೆಯವರು. ಕೊಲ್ಲಿಯಲ್ಲಿ ದುಡಿದು ರಜೆಗೆ, ಮದುವೆಗೆ, ಸಾವಿಗೆ ಅಂತ ಊರಿಗೆ ಬರುತ್ತಿದ್ದವರು.

ಹವಾಮಾನ ಸರಿಯಿತ್ತು. ವಿಮಾನದಲ್ಲಿ ದೋಷ ಇರಲಿಲ್ಲ. ಏರ್ ಮಾರ್ಷಲ್ ಭೂಷಣ್ ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ ಕಂಡುಕೊಂಡದ್ದು ಇಷ್ಟು. ಹಾರಾಟದ ಬಹು ಹೊತ್ತು ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಕಾಕ್‌ಪಿಟ್ ಧ್ವನಿಮುದ್ರಣದಲ್ಲಿ ಗೊರಕೆ ಕೇಳಿಸುತ್ತೆ. ಇಳಿಯಲು ಶುರು ಮಾಡಿದಾಗ ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಸಹಪೈಲಟ್ ಒಂದಲ್ಲ ಮೂರು ಸಲ, ಇಳಿಸುವುದು ಬೇಡ, ಮತ್ತೆ ಮೇಲೇರೋಣ ಅಂತ ಹೇಳಿದರು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. ಚಕ್ರ ನೆಲ ಮುಟ್ಟಿದ್ದು ರನ್‌ವೇ ಶುರುವಾದಲ್ಲಿಂದ ಸುಮಾರು 5,200 ಅಡಿ ದಾಟಿದ ಮೇಲೆ. ಇಡೀ ರನ್‌ವೇ ಇದ್ದದ್ದೇ ಸುಮಾರು 8,000 ಅಡಿ. ಆಗಲಾದರೂ ಪೂರ್ತಿ ಬ್ರೇಕು ಹಾಕಿದ್ದರೆ ನಿಲ್ಲಿಸಬಹುದಿತ್ತು ಅನ್ನುತ್ತೆ ವರದಿ. ಆದರೆ ಕೊನೆ ಗಳಿಗೆಯಲ್ಲಿ ಮತ್ತೆ ಮೇಲೇರಲು ನೋಡಿದರು. ಹೊತ್ತು ಮೀರಿತ್ತು.

ಈ ಮೇಲೇರೋದಕ್ಕೆ ಗೋ-ಅರೌಂಡ್ ಅಂತಾರೆ. ಇಳಿಯುವ ವಿಮಾನ ನೆಲದಿಂದ ಸಾವಿರ ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ದಾರಿ, ಇಳಿಯುವ ರಭಸ ಎಲ್ಲಾ ಒಂದು ಹದಕ್ಕೆ ಬಂದಿರಬೇಕು. ಬಂದಿಲ್ಲವೋ, ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟು ಮೇಲೇರಿ, ಸುತ್ತು ಹಾಕಿ, ಮತ್ತೆ ಬಾ. ಇದು ಸೋಲಲ್ಲ, ನಿಯಮ. ಹೈದರಾಬಾದು, ದೇವನಹಳ್ಳಿಯಂಥ ಕಡೆ ಇಂಥ ತಪ್ಪು ಮಾಡಿದರೆ ಮುಂದೆ ಸಮತಟ್ಟು ನೆಲ ಉಂಟು, ಹುಲ್ಲಿನಲ್ಲಿ ಹೋಗಿ ನಿಂತೀತು. ಬಜ್ಪೆಯಲ್ಲಿ ಮುಂದೆ ನೆಲವೇ ಇಲ್ಲ. ಬೆಂಗಳೂರಿನಲ್ಲಿ 1990ರಲ್ಲಿ ವಿಮಾನ ರನ್‌ವೇಗಿಂತ ಮೊದಲೇ ಬಿತ್ತು, ಮಂಗಳೂರಿನಲ್ಲಿ ದಾಟಿ ಬಿತ್ತು. ಎರಡೂ ಕಡೆ ಸ್ವಲ್ಪ ಮುಂಚೆಯೇ ಮನಸ್ಸು ಬದಲಾಯಿಸಿ ಮೇಲೇರಿದ್ದರೆ ಸಾಕಿತ್ತು.

ಹತ್ತು ವರ್ಷದ ಮೇಲೆ, 2020ರ ಆಗಸ್ಟ್ 7ರ ರಾತ್ರಿ, ಕಲ್ಲಿಕೋಟೆಯ ಟೇಬಲ್‌ಟಾಪಿನಲ್ಲಿ ಸುರಿಯುವ ಮಳೆಯಲ್ಲಿ ಮತ್ತೊಂದು ವಿಮಾನ ಅಂಚು ದಾಟಿತು. ಇಬ್ಬರು ಪೈಲಟ್‌ಗಳೂ ಸೇರಿ 21 ಜನ ಹೋದರು. ವಿಮಾನಯಾನ ನಿರ್ದೇಶನಾಲಯ ಕೆಲವು ನಿಲ್ದಾಣಗಳನ್ನು ಕ್ರಿಟಿಕಲ್ ಅಂತ ಗುರುತಿಸಿದೆ. ಲೇಹ್, ಕುಲ್ಲು, ಶಿಮ್ಲಾ, ಕಲ್ಲಿಕೋಟೆಗಳ ಜೊತೆ ಮಂಗಳೂರೂ ಆ ಪಟ್ಟಿಗೆ ಸೇರಿದೆ. ಅಂಥ ಕಡೆ ವಿಮಾನ ಇಳಿಸುವ ಹೊಣೆ ಅನುಭವಿ ಕ್ಯಾಪ್ಟನ್ನಿನದೇ.

ಹಾಗಾದರೆ ಬಜ್ಪೆ ಪೈಲಟ್‌ಗಳ ಇಷ್ಟದ ಜಾಗವೋ, ಭಯದ ಜಾಗವೋ? ಎರಡೂ ಅನ್ನೋದೇ ನನ್ನ ತಿಳುವಳಿಕೆ. ಅಂಬೋಲಿ ಘಾಟಿನ ಡ್ರೈವರನ ಹಾಗೆ. ಇಲ್ಲಿ ಇಳಿಯುವವನಿಗೆ ಗಮನ ಬೇರೆಡೆ ಹರಿಸುವ ಸ್ವಾತಂತ್ರ್ಯ ಇಲ್ಲ. ಪ್ರತಿ ಸಲವೂ ಕಲಿತದ್ದನ್ನೆಲ್ಲ ಲೆಕ್ಕ ಒಪ್ಪಿಸಬೇಕು. ಸರಿಯಾಗಿ ಮಾಡಿದ ದಿನ ಅದರ ಸಂತೋಷವೇ ಬೇರೆ. ನೆನಪಿನಲ್ಲಿ ಉಳಿಯುವ ನಿಲ್ದಾಣ ಅಂದರೆ ಪೈಲಟ್‌ನ ಪೂರ್ತಿ ಗಮನ ಕೇಳುವ ನಿಲ್ದಾಣ.

ಮತ್ತೆ ಸಾಂಬ್ರಾಕ್ಕೆ ಬರ್ತೀನಿ, ಯಾಕಂದರೆ ನಮ್ಮೂರಿನ ಲೆಕ್ಕ ಇನ್ನೂ ಮುಗಿದಿಲ್ಲ. ಸಾಂಬ್ರಾ ಪೈಲಟ್‌ಗೆ ಅಂಥ ಪರೀಕ್ಷೆ ಒಡ್ಡುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರ, ಸುತ್ತ ಕಬ್ಬು, ಜೋಳದ ಹೊಲ, ಮಳೆಗಾಲದಲ್ಲಿ ಸಹ್ಯಾದ್ರಿ ಕಡೆಯ ಮೋಡದ ಕಾಟ. ರನ್‌ವೇ ಹೆಸರು 08/26. ಇದು ಎರಡು ರನ್‌ವೇ ಅಲ್ಲ. ಒಂದೇ ಪಟ್ಟಿಯನ್ನು ಪಶ್ಚಿಮದಿಂದ ಪೂರ್ವಕ್ಕೆ ಹೋದರೆ ದಿಕ್ಸೂಚಿಯ ಸುಮಾರು 80 ಡಿಗ್ರಿ, ತಿರುಗಿ ಬಂದರೆ 260 ಡಿಗ್ರಿ. ಕೊನೆಯ ಸೊನ್ನೆ ತೆಗೆದರೆ ಅದೇ ಹೆಸರು. ಬಹಳ ವರ್ಷ ಇದರ ಉದ್ದ 1,830 ಮೀಟರ್ ಇತ್ತು, ಅಂದರೆ ಎಟಿಆರ್‌ನಂಥ ಫ್ಯಾನಿನ ವಿಮಾನಕ್ಕೆ ಸಾಕು. ಅದನ್ನು 2,300 ಮೀಟರಿಗೆ ಹೆಚ್ಚಿಸಿ, ಹೊಸ ಟರ್ಮಿನಲ್ ಕಟ್ಟಿ, 2017ರ ಸೆಪ್ಟೆಂಬರ್ 14ರಂದು ಉದ್ಘಾಟನೆ ಆಯ್ತು. ಪಕ್ಕದಲ್ಲೇ ವಾಯುಪಡೆಯ ತರಬೇತಿ ಶಾಲೆ.

ಇಷ್ಟೆಲ್ಲ ಆದ ಮೇಲೂ ನಮ್ಮ ನಿಲ್ದಾಣದ್ದು ಸೊಸೆಯ ಪಾಡು. 2018ರಲ್ಲಿ ಉಡಾನ್ ಯೋಜನೆಯ ನೆರವು ಹುಬ್ಬಳ್ಳಿಗೆ ಸಿಕ್ಕಿತು. ಇಲ್ಲಿಯ ವಿಮಾನಗಳು ಅತ್ತ ಸರಿದವು. 2019ರ ಜನವರಿಯಲ್ಲಿ ಉಡಾನ್‌ನ ಮೂರನೇ ಸುತ್ತಿನಲ್ಲಿ ಬೆಳಗಾವಿಯ ಹೆಸರೂ ಬಂತು. ಆಮೇಲೆ ನೋಡಿ ಚೆಂದ! ನಮ್ಮ ನೆರೆಯ ಕೊಲ್ಹಾಪುರ ಕಡೆಯ ಘೋಡಾವತ್ ಸಮೂಹದ ಸ್ಟಾರ್ ಏರ್ ಕೂಡ ಬಂತು, ಪುಟ್ಟ ಎಂಬ್ರಾಯರ್ ಜೆಟ್ ತಂದಿತು. ಬೋರ್ಡಿನ ಮೇಲೆ ಊರುಗಳ ಹೆಸರು ಒಂದರ ಹಿಂದೆ ಒಂದು ಏರಿದವು. ಉಡಾನ್ ನೆರವು ಒಂದು ಮಾರ್ಗಕ್ಕೆ ಮೂರು ವರ್ಷ. ಮೂರು ವರ್ಷ ಮುಗಿಯುತ್ತಾ ಬಂದ ಹಾಗೆ ಹೆಸರುಗಳು ಒಂದೊಂದಾಗಿ ಅಳಿಸಿಹೋದವು. ಇದು ಬೆಳಗಾವಿಯ ಕಥೆ ಮಾತ್ರ ಅಲ್ಲ. 2023ರಲ್ಲಿ ಮಹಾಲೇಖಪಾಲರು ಕೊಟ್ಟ ವರದಿ ಪ್ರಕಾರ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ ಹಾರಾಟ ಶುರುವಾದದ್ದು 371ರಲ್ಲಿ. ಮೂರು ವರ್ಷ ಪೂರೈಸಿದ್ದು 112. ನೆರವು ನಿಂತ ಮೇಲೂ ಉಳಿದದ್ದು 54.

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಎಟಿಆರ್ ಹಿಡಿದುಕೊಂಡು ಸಣ್ಣ ಊರುಗಳನ್ನೇ ಹುಡುಕಿಕೊಂಡು ಹೋಗಿದ್ದರು. ದೇಶದ ತುಂಬ ಯುದ್ಧಕಾಲದ ರನ್‌ವೇಗಳು ಹುಲ್ಲು ಬೆಳೆದು ಬಿದ್ದಿವೆ, ವಿಮಾನ ಮಾತ್ರ ಇಲ್ಲ ಅನ್ನೋದು ಅವರ ಲೆಕ್ಕಾಚಾರ. ಆ ಸಂಸ್ಥೆ ಮುಂದೆ ಉಳಿಯಲಿಲ್ಲ, ಆದರೆ ಲೆಕ್ಕ ತಪ್ಪಿರಲಿಲ್ಲ. ಬ್ರಿಟಿಷರು ಬರ್ಮಾ ಯುದ್ಧಕ್ಕೆ ಅಂತ ಹಾಕಿದ ಪಟ್ಟಿಯ ಮೇಲೆ ಇವತ್ತು ಗೋಕಾಕದ ವ್ಯಾಪಾರಿ, ಮೂಡಲಗಿಯ ರೈತನ ಮಗಳು, ಸಂಕೇಶ್ವರದ ರೋಗಿ ಹತ್ತಿ ಇಳೀತಾರೆ. ಸಾಂಬ್ರಾದಿಂದ ಮುಂಬಯಿ ಕಡೆ ಹಾರುವಾಗ ಹವೆ ತಿಳಿಯಾಗಿದ್ದರೆ ಕೆಳಗೆ ಹಿಡಕಲ್ ಹಿನ್ನೀರು ಕನ್ನಡಿಯ ಹಾಗೆ ಕಾಣುತ್ತೆ. ಅದನ್ನು ನೋಡಿದಾಗೆಲ್ಲ ನನಗೆ ಅನ್ನಿಸೋದು ಇಷ್ಟೇ: ರನ್‌ವೇಗೆ ಬೇಕಿರೋದು ಉದ್ಘಾಟನೆಯ ಕಲ್ಲಲ್ಲ, ದಿನಾ ಬಂದು ಇಳಿಯುವ ಒಂದು ವಿಮಾನ. ಯಾವ ಪೈಲಟ್ಟೂ ಬಾರದ ನೆಲವನ್ನು ಯಾವ ಪೈಲಟ್ ನೆನಪಿಟ್ಟುಕೊಳ್ಳಬೇಕು?

ಪೈಲಟ್‌ಗಳಲ್ಲಿ ಒಂದು ಹಳೆಯ ಮಾತಿದೆ. ಹಾರೋದು ನಿನ್ನ ಇಷ್ಟ, ಇಳಿಯೋದು ಮಾತ್ರ ಕಡ್ಡಾಯ. ಅದಕ್ಕೆ ನಾವು ಪ್ರಯಾಣಿಕರು ಸೇರಿಸಬೇಕಾದ್ದು ಒಂದಿದೆ. ಇಳಿಯೋದು ಕಡ್ಡಾಯ ಹೌದು, ಮೊದಲ ಸಲಕ್ಕೇ ಇಳಿಯಬೇಕು ಅಂತೇನೂ ಇಲ್ಲ. ಮುಂದಿನ ಸಲ ನಿಮ್ಮ ವಿಮಾನ ಇನ್ನೇನು ನೆಲ ಮುಟ್ಟಿತು ಅನ್ನುವಾಗ ಗಕ್ಕನೆ ಮೂತಿ ಎತ್ತಿ ಮತ್ತೆ ಮೋಡದೊಳಗೆ ನುಗ್ಗಿದರೆ ಗಾಬರಿ ಬೀಳಬೇಡಿ. ಪಕ್ಕದ ಸೀಟಿನವರು ಪೈಲಟ್ಟಿಗೆ ಲೈಸೆನ್ಸ್ ಕೊಟ್ಟವರಾರು ಅಂತ ಬೈಯೋಕೆ ಶುರು ಮಾಡಿದರೆ ಬಜ್ಪೆಯ ಕಥೆ ಹೇಳಿ. ಕಾಲು ಗಂಟೆ ತಡವಾಗುತ್ತೆ, ಕ್ಯಾಬಿನವನು ಎರಡು ಸಲ ಫೋನ್ ಮಾಡುತ್ತಾನೆ, ಅಷ್ಟೇ ತಾನೇ?

ನೀವು ಇಳಿದ ನಿಲ್ದಾಣಗಳಲ್ಲಿ ಮರೆಯಲಾಗದ್ದು ಯಾವುದು? ಕಿಟಕಿಯಿಂದ ಏನು ಕಂಡಿತು? ಬರೆದು ತಿಳಿಸಿ. ಕಾಯ್ತಿರ್ತೀನಿ.